ಲೈನ್ ಕ್ಲಿಯರ್

ನಾನು ಆ ಊರು ನೋಡಿದಾಂವಲ್ಲ.
ಗುತ್ತಲದ ಸಬ್‌ಸ್ಟೇಷನ್ನಿನ್ಯಾಗ, ರಾತ್ರಿ ಪಾಳಿಯೊಳಗ,
ನನಗದು ನಾಲ್ಕನೇ ಫೀಡರಿನ ತುದಿ,
ಬೋರ್ಡಿನ ಮ್ಯಾಲೊಂದು ಕೆಂಪು ದೀಪ, ಒಂದು ಹಸರು.
ಕಡವಿನಕೊಪ್ಪ: ಅರವತ್ತೆಂಟು ಮೀಟರು, ಒಂದು ಗಿರಣಿ,
ನೀರಿನ ಟಾಕಿ, ಒಂದೇ ಒಂದು ಟಿ.ಸಿ.
ಮೂರು ಕಡೆ ತುಂಗಭದ್ರೆ. ನಾಲ್ಕನೇ ಕಡೆ ಹಳ್ಳ,
ಅದೂ ಶ್ರಾವಣದಾಗ ಹೊಳಿಯ ಪಕ್ಷ ಸೇರತದ.

ಕರೆಂಟು ಅಲ್ಲಿಗೆ ಬೀಗರ ಹಂಗ:
ಬಂದ್ರ ಗದ್ದಲ, ಹೋಗುವಾಗ ಹೇಳೂದಿಲ್ಲ.
ಹಳ್ಳದ ನಡುವಿನ ಕಂಬ ವರ್ಷಾ ವಾಲತದ,
ವರ್ಷಾ ಎಸ್ಟಿಮೇಟು ಹಾವೇರಿಗೆ ಹೋಗಿ
ಹುಬ್ಬಳ್ಳಿಗೆ ಹೋಗಿ
ಅಲ್ಲೇ ಮಳಿಗಾಲ ಕಳೀತದ.

ಆಚೆ ದಂಡಿಗೆ, ಒಂದು ಕೂಗಿನ ದೂರದಾಗ,
ರಾತ್ರೆಲ್ಲಾ ದೀಪ ಉರೀತಾವಂತ.
ಅದು ಬ್ಯಾರೆ ಜಿಲ್ಲೆ, ಬ್ಯಾರೆ ಕಂಪನಿ.
ನೀರಾಗ ಬಿದ್ದ ಅದರ ಬೆಳಕಿಗೆ ಮಾತ್ರ
ಇನ್ನೂ ಯಾರೂ ಬಿಲ್ಲು ಹಾಕಿಲ್ಲ.

ಲೈನ್‌ಮನ್ ರಾಜೇಸಾಬ ನದಾಫ ಹರಗೋಲಿನ್ಯಾಗ ಹೋಗತಿದ್ದ,
ಹೆಗಲಿಗೆ ಹಗ್ಗ, ತೊಡಿ ಮ್ಯಾಲೆ ಇಕ್ಕಳ.
ಹುಟ್ಟು ಹಾಕಾಕಿ ಫಕ್ಕೀರವ್ವ ಅಂಬಿಗೇರ.
ಕಂಬ ಹತ್ತಬೇಕಂದ್ರ ನನ್ನಿಂದ ಲೈನ್ ಕ್ಲಿಯರ್ ಬೇಕು,
ನಾ ಹೂಂ ಅನ್ನೂತನಕ ತಂತಿ ಮುಟ್ಟಂಗಿಲ್ಲ.
ಊರು ಕತ್ತಲಾತಂದ್ರ ಅಲ್ಲಿಯ ಮೊಬೈಲ್ ಟವರೂ ಸತ್ತಂಗ.
ಹಂಗಾಗಿ ಆಕಿ ಅವನ್ನ ಕಂಬದ ಹತ್ರ ಇಳಿಸಿ
ಒಬ್ಬಾಕೀನ ಹೊಳಿ ನಡುವಿಗೆ ಹೋಗತಿದ್ದಳು,
ಆಚೆ ದಂಡಿಯ ಸಿಗ್ನಲ್ ಸಿಗೂ ಮಡುವಿನತನಕ.

ಮೊದಲ ಸಲ ರಾತ್ರಿ ಒಂದೂವರಿ.
"ಸ್ಟೇಷನ್ ಅಣ್ಣಾರ, ಎಲ್.ಸಿ. ಕೊಡ್ರಿ."
ನೀ ಯಾರವ್ವಾ, ಅಂದೆ.
"ಹರಗೋಲು," ಅಂದಳು.
ಹಿಂದ ನೀರಿನ ಸದ್ದು, ಥಂಡಿಗೆ ಹಲ್ಲು ಕಡಿಯೂ ಸದ್ದು.
ಬ್ರೇಕರ್ ಕೆಡವಿದೆ, ಅರ್ತ್ ಹಾಕಿದೆ, ಬೀಗ ಜಡದೆ,
ಕೀಲಿಕೈ ಅಂಗಿ ಕಿಸೆದಾಗ ಇಟಗೊಂಡೆ.
ರಜಿಸ್ಟರಿನ್ಯಾಗ ಬರದೆ:
ಎಲ್.ಸಿ. ಪಡೆದವರು ಫಕ್ಕೀರವ್ವ. ಹುದ್ದೆ: ಹರಗೋಲು.
ಸಾಹೇಬರು ಕೆಂಪು ಶಾಯಿಲೆ ಕೆಳಗ ಗೀಟು ಎಳದ್ರು,
ಹೊಡದು ಹಾಕಲಿಲ್ಲ.

ಪ್ರತಿ ಸಲ ಎರಡು ಫೋನು.
ಬಂದ್ ಮಾಡಾಕೊಂದು, ಚಾಲೂ ಮಾಡಾಕೊಂದು.
ನಡುವಿನ ನಲವತ್ತು ನಿಮಿಷ
ಒಬ್ಬನ ಜೀವ ನನ್ನ ಕಿಸೆದಾಗ ಇರತಿತ್ತು.

ಒಂದು ರಾತ್ರಿ ಎರಡನೇ ಫೋನು ಬರಲಿಲ್ಲ.
ಅದೇ ಫೀಡರಿನ ಹನ್ನೊಂದು ಹಳ್ಳಿ ನನ್ನ ವಂಶ ಜಾಲಾಡಿದವು.
ಮ್ಯಾಲಿನವರು, "ಅಂವ ಮನಿಗೆ ಹೋಗಿರತಾನೋ, ಹಾಕೋ," ಅಂದ್ರು.
ಕಿಸೆ ಮ್ಯಾಲೆ ಕೈ ಇಟಗೊಂಡು ಕುಂತೆ.
ಐದೂಕಾಲಿಗೆ ಆಕಿ ದನಿ, ಯಾರದೋ ನಂಬರಿನಿಂದ:
"ಹರಗೋಲು ಮಗಚಿತ್ರೀ, ಫೋನು ಹೊಳಿ ಪಾಲು.
ರಾಜೇಸಾಬ ಇನ್ನೂ ಕಂಬದ ಮ್ಯಾಲೇ ಅದಾನ, ಕೆಳಗ ನೀರು.
ತಂತಿ ಹಿಡಕೊಂಡು ಕುಂತಾನ
ನಿಮ್ಮನ್ನ ನಂಬಿ."

ಆಮ್ಯಾಲೆ ಎರಡೂ ಕಂಪನಿಯವರು ಬಂದ್ರಂತ,
ದಂಡಿಗೆ ಕುರ್ಚಿ ಹಾಕಿ ನಕಾಶಿ ಬಿಡಿಸಿದ್ರಂತ.
ಫಕ್ಕೀರವ್ವ ಬೆರಳಿಟ್ಟಳಂತ:
"ಇಲ್ಲಿ ಕಂಬ ಬ್ಯಾಡ್ರಿ, ಮಹಾಪೂರದಾಗ ಇಲ್ಲಿ ಹೊಳಿ ಮಲಗತದ."
ಆಚೆಯಿಂದೂ ಒಂದು ಲೈನು ಯಾಕ, ಅಂತ ಒಬ್ಬ ಸಾಹೇಬ ಕೇಳಿದ್ದಕ್ಕ,
"ಹೆಣ್ಣಿಗೆ ಗಂಡನ ಮನಿ ಒಂದ ಇದ್ರ ಸಾಕೇನ್ರೀ,
ತವರು ಬ್ಯಾಡೇನು?"
ಇದನ್ನೆಲ್ಲಾ ಹೇಳಿದಾಂವ ರಾಜೇಸಾಬ,
ಒಂದಕ್ಕೆರಡು ಕೂಡಿಸಿರಲೂಬಹುದು.

ಈ ಆಷಾಢ, ರಾತ್ರಿ ಎರಡು ಹತ್ತು.
ನಾಲ್ಕನೇ ಫೀಡರು ಢಬ್ ಅಂತ ಬಿತ್ತು.
ರೂಢಿಯಂತ ಪೆನ್ನು ತಗದೆ, ಫೋನು ಸಮೀಪ ಸರಿಸಿದೆ.
ಸುಮ್ಮನಿತ್ತು ಅದು.
ಚಹಾ ಆರಿತು. ಪತ್ರಾಸಿನ ಮ್ಯಾಲೆ ಮಳಿ.
ಮೂರಕ್ಕ ರಿಂಗಾತು.

"ಏನಿಲ್ರಿ ಅಣ್ಣಾರ, ಮನ್ಯಾಗಿಂದ ಮಾಡೀನಿ.
ಈ ಮಳಿಯಾಗ ದೀಪ ಇದ್ರ ನಿದ್ದಿನ ಹತ್ತವಲ್ದು.
ಬಲ್ಬಿಗೆ ಹುಳಾ ಮುತ್ಯಾವು.
ಬರಕೋರಿ: ಕರೆಂಟು ಐತಿ."

ರಜಿಸ್ಟರಿನ್ಯಾಗ ಅದಕ್ಕೊಂದು ಕಾಲಂ ಇಲ್ಲ.
ಅಂಚಿನ್ಯಾಗ ಬರದೆ, ಸಣ್ಣ ಅಕ್ಷರದಾಗ,
ಟೈಮ್ ಹಾಕಿ.